ಬ್ರಷ್‌ನ ಕೀಲಿಗಳು ಎಡಗೈಗೆ ಸಿಗುವಂತಾಗಬೇಕು

ಸಂಪಾದಕರಿಗೆ,

ಮಾನ್ಯರೇ,

ಫೋಟೊ ಎಡಿಟಿಂಗ್ ಕಲಿತು ಸ್ವಂತ ಉದ್ಯೋಗ ಕಂಡುಕೊಳ್ಳುತ್ತಿರುವ ಯುವಕ ಯುವತಿಯರನ್ನು ಕುರಿತು ತಮ್ಮ ಪತ್ರಿಕೆಯಲ್ಲಿ ಈಚೆಗೆ ಬಂದ ಬರಹವನ್ನು ಓದಿ ಈ ಪತ್ರ ಬರೆಯುತ್ತಿದ್ದೇನೆ. ಕ್ಯಾಮೆರಾ, ಕಂಪ್ಯೂಟರ್, ಸಾಲ, ಸಬ್ಸಿಡಿ ಎಲ್ಲದರ ಪ್ರಸ್ತಾಪವೂ ಅದರಲ್ಲಿತ್ತು; ದಿನಕ್ಕೆ ಎಂಟು ಹತ್ತು ಗಂಟೆ ಕುಳಿತು ಚಿತ್ರ ತಿದ್ದುವವರ ಎರಡು ಕೈಗಳು ಅಷ್ಟು ಹೊತ್ತು ಏನು ಮಾಡುತ್ತಿರುತ್ತವೆ ಎಂಬ ಬಗ್ಗೆ ಮಾತ್ರ ಒಂದು ಮಾತೂ ಇರಲಿಲ್ಲ. ತಾಲ್ಲೂಕು ಕೇಂದ್ರವೊಂದರಲ್ಲಿ 22 ವರ್ಷಗಳಿಂದ ಸ್ಟುಡಿಯೊ ಇಟ್ಟುಕೊಂಡು, ಮದುವೆ ಆಲ್ಬಂ ಮಾಡುತ್ತಾ, ಹಳೆಯ ಫೋಟೊಗಳನ್ನು ತಿದ್ದಿಕೊಡುತ್ತಾ ಬಂದಿರುವ ನನಗೆ ಆ ಮಾತೇ ಮುಖ್ಯವೆನಿಸುವುದರಿಂದ, ತುಸು ದೀರ್ಘವಾದರೂ ಹೇಳಿಬಿಡುತ್ತೇನೆ.

ನನಗೆ ಈ ಕೆಲಸ ಕಲಿಸಿದವರು ನಮ್ಮ ಸೋದರಮಾವ. ಅವರ ಕಾಲದಲ್ಲಿ ನೆಗೆಟಿವ್‌ಗಳನ್ನು ಓರೆಯಾಗಿ ನಿಲ್ಲಿಸಿದ ಗಾಜಿನ ಹಲಗೆಯ ಮೇಲಿಟ್ಟು ಸೂಜಿಮೊನೆಯ ಪೆನ್ಸಿಲ್ಲಿನಲ್ಲಿ ತಿದ್ದುತ್ತಿದ್ದರು. ಪ್ರಿಂಟಿನ ಮೇಲಿನ ಬಿಳಿಚುಕ್ಕೆಗಳನ್ನು ಸಣ್ಣ ಕುಂಚದಲ್ಲಿ ಶಾಯಿ ಮುಟ್ಟಿಸಿ ಮುಚ್ಚುತ್ತಿದ್ದರು. ಅವರು ಕೂತರೆ ಎಡಗೈಯ ಬೆರಳ ಸಂದಿಗಳಲ್ಲಿ ಮೂರು ಕುಂಚಗಳು ಸಿಕ್ಕಿಕೊಂಡಿರುತ್ತಿದ್ದವು, ಒಂದಕ್ಕಿಂತ ಒಂದು ದಪ್ಪ. ಬಲಗೈಯಲ್ಲಿದ್ದ ಕುಂಚವನ್ನು ಎಡಗೈಗೆ ಕೊಟ್ಟು ಬೇರೊಂದನ್ನು ಎತ್ತಿಕೊಳ್ಳುವಾಗ ಅವರ ಕಣ್ಣು ಚಿತ್ರವನ್ನು ಬಿಟ್ಟು ಕದಲುತ್ತಿರಲಿಲ್ಲ. ಕುಂಚದ ತುದಿಯನ್ನು ತುಟಿಗೆ ತಾಗಿಸಿ ಚೂಪು ಮಾಡಿಕೊಳ್ಳುತ್ತಿದ್ದದ್ದು ಅತ್ತೆಯವರಿಗೆ ಹಿಡಿಸುತ್ತಿರಲಿಲ್ಲ ಎನ್ನುವುದು ಬೇರೆ ವಿಷಯ.

ಕಂಪ್ಯೂಟರ್ ಬಂದ ಮೇಲೆ ಕುಂಚ, ಅಂದರೆ ತಂತ್ರಾಂಶದ ಬ್ರಷ್, ಒಂದೇ ಆಯಿತು, ಆದರೆ ಅದರ ಗಾತ್ರ, ಅಂಚಿನ ಗಡಸುತನ, ಒಪಾಸಿಟಿ (ಬಣ್ಣದ ದಟ್ಟಣೆ) ಮತ್ತು ಫ್ಲೋ (ಬಣ್ಣ ಹರಿಯುವ ಪ್ರಮಾಣ) ಎಂಬ ನಾಲ್ಕು ಗುಣಗಳನ್ನು ಗಳಿಗೆಗೊಮ್ಮೆ ಬದಲಿಸಬೇಕಾಯಿತು. ಬಿರುಕು ಬಿಟ್ಟ ಹಳೆಯ ಬ್ರೋಮೈಡ್ ಪ್ರಿಂಟೊಂದನ್ನು ಸ್ಕ್ಯಾನ್ ಮಾಡಿ ತಿದ್ದುವಾಗ ಕಣ್ಣಿನ ರೆಪ್ಪೆಗೆ ಆರು ಪಿಕ್ಸೆಲ್‌ನ ಗಟ್ಟಿ ಅಂಚಿನ ಬ್ರಷ್ ಬೇಕು. ಅಲ್ಲಿಂದ ಒಂದು ಬೆರಳಗಲ ಕೆಳಗಿಳಿದು ಕೆನ್ನೆಗೆ ಬಂದರೆ ಅರವತ್ತರ ಮೆದು ಅಂಚಿನದು, ಅದೂ ಮೂವತ್ತು ಶೇಕಡಾ ಒಪಾಸಿಟಿಯಲ್ಲಿ. ಹಿಂದಿನ ಪರದೆಗೆ ಹೋದರೆ ಮುನ್ನೂರರದು. ಒಂದು ಸಂಜೆ ನಮ್ಮ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಾನು ಬ್ರಷ್‌ನ ಯಾವುದೇ ಗುಣ ಬದಲಿಸಿದಾಗಲೆಲ್ಲ ಕಾಗದದ ಮೇಲೆ ಒಂದು ಗೀಟು ಹಾಕೆಂದೆ. ಒಂದೇ ಫೋಟೊ ಮುಗಿಯುವಷ್ಟರಲ್ಲಿ ನೋಟ್‌ಬುಕ್ಕಿನ ಒಂದು ಹಾಳೆಯ ಎರಡೂ ಮಗ್ಗುಲು ತುಂಬಿತ್ತು. ಅಷ್ಟು ಸಲವೂ ಕಂಪ್ಯೂಟರ್ ಪರದೆಯ ಮೇಲ್ತುದಿಗೆ ಮೌಸ್ ಒಯ್ದು ಸ್ಲೈಡರ್ ಎಳೆದು ಮತ್ತೆ ಅದೇ ರೆಪ್ಪೆಗೆ ಮರಳುವವನ ಮಣಿಕಟ್ಟು ಎಷ್ಟು ವರ್ಷ ತಡೆದೀತು ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ನನ್ನದು ಹನ್ನೊಂದು ವರ್ಷ ತಡೆಯಿತು.

ತಂತ್ರಾಂಶ ಮಾಡಿದವರಿಗೆ ಇದು ತಿಳಿಯದ ಸಂಗತಿಯೇನಲ್ಲ. ಫೋಟೊಶಾಪ್‌ನಲ್ಲಿ ಚೌಕ ಬ್ರಾಕೆಟ್‌ನ ಎರಡು ಕೀಲಿಗಳು ಬ್ರಷ್ಷನ್ನು ಕಿರಿದು ಹಿರಿದು ಮಾಡುತ್ತವೆ. ಶಿಫ್ಟ್ ಜೊತೆಗೆ ಒತ್ತಿದರೆ ಅಂಚಿನ ಗಡಸುತನ 25 ಶೇಕಡಾದಷ್ಟು ಏರುತ್ತದೆ ಅಥವಾ ಇಳಿಯುತ್ತದೆ. 3 ಒತ್ತಿದರೆ ಒಪಾಸಿಟಿ 30 ಆಗುತ್ತದೆ, 4 ಮತ್ತು 5ನ್ನು ಬೇಗಬೇಗನೆ ಒತ್ತಿದರೆ 45, ಸೊನ್ನೆ ಒತ್ತಿದರೆ ಪೂರ್ತಿ ನೂರು. ವಿಂಡೋಸ್‌ನಲ್ಲಿ ಆಲ್ಟ್ ಕೀಲಿ ಹಿಡಿದು ಮೌಸ್‌ನ ಬಲಗುಂಡಿಯನ್ನು ಅದುಮಿ ಅಡ್ಡಕ್ಕೆ ಎಳೆದರೆ ಗಾತ್ರವೂ ಉದ್ದಕ್ಕೆ ಎಳೆದರೆ ಗಡಸುತನವೂ ಬದಲಾಗುತ್ತದೆ. ಜಿಂಪ್ ಮತ್ತು ಕ್ರಿಟಾ ಎಂಬ ಉಚಿತ ತಂತ್ರಾಂಶಗಳಲ್ಲೂ ಗಾತ್ರಕ್ಕೆ ಅದೇ ಬ್ರಾಕೆಟ್ ಕೀಲಿಗಳು. ಇಷ್ಟನ್ನಾದರೂ ಕಲಿಸಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲವೇನೋ. ತರಬೇತಿ ಕೇಂದ್ರವೊಂದರಿಂದ ಪ್ರಮಾಣಪತ್ರ ಪಡೆದು ನಮ್ಮಲ್ಲಿ ಕೆಲಸಕ್ಕೆ ಸೇರಿದ ಹುಡುಗಿಗೆ ಟೂಲ್‌ಗಳ ಹೆಸರು ಮಗ್ಗಿಯ ಹಾಗೆ ಬಾಯಿಪಾಠವಾಗಿತ್ತು. ಅವಳ ಎಡಗೈ ಮಾತ್ರ ಮೊದಲ ದಿನ ಬೆಳಗಿನಿಂದ ಸಂಜೆಯವರೆಗೆ ತೊಡೆಯ ಮೇಲೇ ಇತ್ತು.

ಆದರೆ ಕೊಟ್ಟಿರುವ ಕೀಲಿಗಳನ್ನು ಕಲಿತ ಮಾತ್ರಕ್ಕೆ ಸಮಸ್ಯೆ ಮುಗಿಯುವುದಿಲ್ಲ. ದಯವಿಟ್ಟು ತಮ್ಮ ಮುಂದಿರುವ ಕೀಬೋರ್ಡನ್ನೇ ಒಮ್ಮೆ ನೋಡಿ. ಚೌಕ ಬ್ರಾಕೆಟ್‌ಗಳು ಇರುವುದು ‘ಪಿ’ ಅಕ್ಷರದ ಬಲಕ್ಕೆ, ಅಂದರೆ ಕೀಬೋರ್ಡಿನ ಬಲ ಅಂಚಿನಲ್ಲಿ. ಬಲಗೈಯಲ್ಲಿ ಮೌಸ್ ಅಥವಾ ಪೆನ್ ಟ್ಯಾಬ್ಲೆಟ್‌ನ ಪೆನ್ ಹಿಡಿದವನ ಎಡಗೈ ಕಂಟ್ರೋಲ್, ಆಲ್ಟ್, ಸ್ಪೇಸ್‌ಬಾರ್‌ಗಳ ಆಸುಪಾಸಿನಲ್ಲಿರುತ್ತದೆ. ಅಲ್ಲಿಂದ ಬ್ರಾಕೆಟ್‌ಗೆ ಹೋಗಬೇಕೆಂದರೆ ಇಡೀ ಕೀಬೋರ್ಡನ್ನು ದಾಟಬೇಕು. ದಾಟುವಾಗ ಕಣ್ಣು ಕೆಳಗಿಳಿಯುತ್ತದೆ. ಮತ್ತೆ ತಲೆಯೆತ್ತಿದಾಗ ಯಾವ ಗೆರೆಯನ್ನು ಅಳಿಸುತ್ತಿದ್ದೆ ಎಂದು ಹುಡುಕಬೇಕು. ಇದೂ ಅಮೆರಿಕದ ಕೀಬೋರ್ಡಿನ ಮಾತಾಯಿತು. ಜರ್ಮನ್ ಕೀಬೋರ್ಡಿನಲ್ಲಿ ಅದೇ ಬ್ರಾಕೆಟ್ ಮೂಡಲು ಬಲಗಡೆಯ ಆಲ್ಟ್‌-ಗ್ರ್ ಕೀಲಿಯ ಜೊತೆ 8 ಅಥವಾ 9 ಒತ್ತಬೇಕು. ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯಲ್ಲಿ ಟೈಪು ಮಾಡುವ ಬಹಳಷ್ಟು ಮಂದಿಗೆ ಈ ಕಾಟ ಒಂದಲ್ಲ ಒಂದು ರೂಪದಲ್ಲಿ ಇದ್ದೇ ಇದೆ.

ನಮ್ಮ ಕಾಟದ ರೂಪ ಹೀಗಿದೆ. ಆಲ್ಬಂ ಮಾಡುವವನು ತಂತ್ರಾಂಶದ ಒಂದೇ ಕಿಟಕಿಯಲ್ಲಿ (ವಿಂಡೊ) ಮದುಮಗಳ ಹೆಸರನ್ನು ಕನ್ನಡದಲ್ಲಿ ಟೈಪಿಸುತ್ತಾನೆ, ಮರುಗಳಿಗೆಯಲ್ಲಿ ಅವಳ ಹಣೆಯ ಮೇಲೆ ಬಿದ್ದ ಕೂದಲನ್ನು ತೆಗೆಯಲು ಬ್ರಷ್ ಹಿಡಿಯುತ್ತಾನೆ. ವಿಂಡೋಸ್ ಜೊತೆಗೇ ಬರುವ ಕನ್ನಡ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಎಡ ಬ್ರಾಕೆಟ್‌ನ ಜಾಗದಲ್ಲಿ ಕೂತಿರುವುದು ‘ಡ’. ಬ್ರಷ್ ಹಿಡಿಯಲು ಒತ್ತುವ ‘ಬಿ’ ಕೀಲಿಯಲ್ಲಿ ‘ವ’ ಮೂಡುತ್ತದೆ, ಕೆ.ಪಿ. ರಾವ್ ಅವರ ವಿನ್ಯಾಸವನ್ನು ಬಳಸುವ ‘ನುಡಿ’ ತಂತ್ರಾಂಶದಲ್ಲಿ ಅದೇ ಕೀಲಿ ‘ಬ’ ಕೊಡುತ್ತದೆ. ಕೆಲವು ವರ್ಷಗಳ ಹಿಂದೆ ನಾನು ‘ಮಾಲಿನಿ’ ಎಂಬ ಹೆಸರನ್ನು ಟೈಪು ಮಾಡಿ, ಅಕ್ಷರದ ಕರ್ಸರ್ ಇನ್ನೂ ಮಿನುಗುತ್ತಿದ್ದುದನ್ನು ಗಮನಿಸದೆ, ಬ್ರಷ್‌ಗೆಂದು ‘ಬಿ’ ಒತ್ತಿದೆ. ಹನ್ನೆರಡು ಇಂಚು ಎತ್ತರ, ಮೂವತ್ತಾರು ಇಂಚು ಅಗಲದ ಆಲ್ಬಂ ಬೈಂಡಿಂಗ್ ಆಗಿ ಬಂದು ಅವರ ಮನೆ ಸೇರಿದ ಮೇಲೆ, ಹುಡುಗಿಯ ಸೋದರಮಾವ ಮೊದಲ ಪುಟ ತೆರೆದು, ನೆಂಟರೆಲ್ಲ ಕೇಳುವಂತೆ ‘ಮಾಲಿನಿಬ’ ಎಂದು ಗಟ್ಟಿಯಾಗಿ ಓದಿದರಂತೆ. ಆ ಹಾಳೆಯನ್ನು ಮತ್ತೆ ಪ್ರಿಂಟು ಹಾಕಿಸಿ, ಮತ್ತೆ ಬೈಂಡ್ ಮಾಡಿಸಿದ ಖರ್ಚು ನನ್ನದು. ತಪ್ಪೂ ನನ್ನದೇ. ಹೆಸರು ಬರೆದಾದ ಮೇಲೆ ಕಂಟ್ರೋಲ್ ಮತ್ತು ಎಂಟರ್ ಒತ್ತಿ ಅಕ್ಷರದಿಂದ ಹೊರಬರಬೇಕಾಗಿತ್ತು, ಈಗ ಅಭ್ಯಾಸವಾಗಿದೆ.

ಇದಕ್ಕೆ ಪರಿಹಾರ ಹುಡುಕುತ್ತಾ ಹೋಗಿ ನಾನು ಮುಟ್ಟಿದ್ದು ಸ್ಕ್ರಿಪ್ಟ್, ಅಂದರೆ ಕಂಪ್ಯೂಟರಿಗೆ ಆದೇಶ ಕೊಡುವ ಪುಟ್ಟ ಕಡತ, ಬರೆಯುವ ಕೆಲಸವನ್ನು. ಬಿ.ಕಾಂ. ಓದಿದ, ಪ್ರೋಗ್ರಾಮಿಂಗ್ ಎಂದರೆ ದೂರದಿಂದಲೇ ಕೈಮುಗಿಯುತ್ತಿದ್ದ ನನಗೇ ಅದು ಸಾಧ್ಯವಾಯಿತೆಂದರೆ ಓದುಗರು ಹೆದರಬೇಕಾಗಿಲ್ಲ. ವಿಂಡೋಸ್‌ಗೆ ಆಟೊಹಾಟ್‌ಕೀ ಎಂಬ ಉಚಿತ ತಂತ್ರಾಂಶವೊಂದಿದೆ. ನೋಟ್‌ಪ್ಯಾಡ್‌ನಲ್ಲಿ ಆರೇಳು ಸಾಲು ಬರೆದು ಉಳಿಸಿಟ್ಟರೆ, ಇಂಥ ಕೀಲಿ ಒತ್ತಿದಾಗ ಇಂಥದ್ದು ಆಗಲಿ ಎಂಬ ನಮ್ಮ ಮಾತನ್ನು ಅದು ಪಾಲಿಸುತ್ತದೆ. ನನ್ನ ಕಡತದ ಮೊದಲ ಸಾಲು ಹೇಳುವುದು, ಫೋಟೊಶಾಪ್ ಕಿಟಕಿ ಮುಂದಿದ್ದಾಗ ಮಾತ್ರ ಉಳಿದ ಸಾಲುಗಳು ಜಾರಿಯಲ್ಲಿರಲಿ ಎಂದು. ಇಲ್ಲದಿದ್ದರೆ ಬಿಲ್ಲು ಟೈಪು ಮಾಡುವಾಗಲೂ ಕೀಲಿಗಳು ಬ್ರಷ್‌ನ ಮಾತಾಡತೊಡಗುತ್ತವೆ. ಮುಂದಿನ ಸಾಲುಗಳಲ್ಲಿ, ಕ್ಯಾಪ್ಸ್ ಲಾಕ್ ಹಿಡಿದು ‘ಎಸ್’ ಒತ್ತಿದರೆ ಬ್ರಷ್ ಕಿರಿದಾಗಲಿ, ‘ಡಿ’ ಒತ್ತಿದರೆ ಹಿರಿದಾಗಲಿ, ಅವುಗಳ ಮೇಲಿನ ಸಾಲಿನ ‘ಡಬ್ಲ್ಯೂ’ ಮತ್ತು ‘ಇ’ ಅಂಚನ್ನು ಮೆದು ಅಥವಾ ಗಡಸು ಮಾಡಲಿ ಎಂದಿದೆ. ಕ್ಯಾಪ್ಸ್ ಲಾಕನ್ನೇ ಆರಿಸಿದ್ದಕ್ಕೆ ಇನ್ನೊಂದು ಕಾರಣವೂ ಉಂಟು. ಫೋಟೊಶಾಪ್‌ನಲ್ಲಿ ಆ ಕೀಲಿ ಅಪ್ಪಿತಪ್ಪಿ ಒತ್ತಿಹೋದರೆ ಬ್ರಷ್‌ನ ದುಂಡನೆಯ ಗೆರೆ ಮಾಯವಾಗಿ ಬರೀ ಕೂಡುಗೆರೆಯ (+) ಗುರುತು ಉಳಿಯುತ್ತದೆ. ಬ್ರಷ್ ಕೆಟ್ಟಿತೆಂದು ತಂತ್ರಾಂಶವನ್ನೇ ತೆಗೆದು ಮತ್ತೆ ಹಾಕಿದವರನ್ನು ನಾನು ಕಂಡಿದ್ದೇನೆ. ಆ ಕೀಲಿಯನ್ನು ಹಿಡಿಕೆಯಾಗಿ ಮಾಡಿಕೊಂಡು, ಅದರ ಮೂಲ ಕೆಲಸವನ್ನು ಸ್ಕ್ರಿಪ್ಟಿನಲ್ಲೇ ಆರಿಸಿಟ್ಟರೆ ಈ ಪೀಡೆಯೂ ತೊಲಗುತ್ತದೆ.

ಇಲ್ಲಿ ಕನ್ನಡದವರು ಮುಖ್ಯವಾಗಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಕೀಲಿಯೊಂದನ್ನು ಒತ್ತಿದಾಗ ಕೀಬೋರ್ಡು ಕಂಪ್ಯೂಟರಿಗೆ ಕಳಿಸುವುದು ಅಕ್ಷರವನ್ನಲ್ಲ, ಆ ಕೀಲಿಯ ಜಾಗದ ಸಂಖ್ಯೆಯನ್ನು. ‘ಎಸ್’ ಕೂತಿರುವ ಜಾಗದ ಸಂಖ್ಯೆ 31, ‘ಡಿ’ಯದು 32, ಎರಡು ಬ್ರಾಕೆಟ್‌ಗಳದು 26 ಮತ್ತು 27. ಆ ಸಂಖ್ಯೆಗೆ ಯಾವ ಅಕ್ಷರ ಎಂಬುದನ್ನು ಆಮೇಲೆ ನಿರ್ಧರಿಸುವುದು ನಾವು ಆರಿಸಿಕೊಂಡ ಭಾಷೆಯ ವಿನ್ಯಾಸ. ಸ್ಕ್ರಿಪ್ಟಿನಲ್ಲಿ ಅಕ್ಷರದ ಬದಲು ಜಾಗದ ಸಂಖ್ಯೆಯನ್ನೇ ಬರೆದರೆ, ವಿಂಡೋಸ್ ಕನ್ನಡದಲ್ಲಿರಲಿ ಇಂಗ್ಲಿಷಿನಲ್ಲಿರಲಿ, ಅದೇ ಜಾಗದ ಕೀಲಿ ಅದೇ ಕೆಲಸ ಮಾಡುತ್ತದೆ. ಆಟೊಹಾಟ್‌ಕೀಯಲ್ಲಿ ಈ ಸಂಖ್ಯೆಗಳನ್ನು ಹದಿನಾರರ ಮಾನದಲ್ಲಿ ಬರೆಯಬೇಕಾದ್ದರಿಂದ 31 ಎಂಬುದು 1ಎಫ್ ಆಗುತ್ತದೆ, 32 ಎಂಬುದು 20 ಆಗುತ್ತದೆ. ಇಷ್ಟು ತಿಳಿಯದೆ ನಾನು ಒಂದು ಭಾನುವಾರ ಪೂರ್ತಿ ಕಳೆದುಕೊಂಡೆ. ಅಷ್ಟೇ ಸಾಲದು. ನಾವು ‘ಎಸ್’ ಅಥವಾ ‘ಡಿ’ ಒತ್ತಿದಾಗ ಸ್ಕ್ರಿಪ್ಟು ನಮ್ಮ ಪರವಾಗಿ ತಂತ್ರಾಂಶಕ್ಕೆ ಕಳಿಸುವುದು ಬ್ರಾಕೆಟ್ ಕೀಲಿಯನ್ನೇ; ಅದನ್ನು ಕಳಿಸುವ ಮುನ್ನ ಆ ಕಿಟಕಿಯ ಭಾಷೆಯನ್ನು ಇಂಗ್ಲಿಷಿಗೆ ತಿರುಗಿಸಬೇಕು. ವಿಂಡೋಸ್‌ನ ಲೆಕ್ಕದಲ್ಲಿ ಅಮೆರಿಕನ್ ಇಂಗ್ಲಿಷಿನ ಗುರುತು 0409, ಕನ್ನಡದ್ದು 044ಬಿ. ಭಾಷೆ ಬದಲಿಸುವ ಆದೇಶಕ್ಕೆ ಒಂದು ಸಾಲು, ಹಿಂದಕ್ಕೆ ಕನ್ನಡಕ್ಕೆ ಬರಲು ಇನ್ನೊಂದು ಕೀಲಿಗೆ ಇನ್ನೊಂದು ಸಾಲು. ಪ್ರತಿ ಕಿಟಕಿಗೂ ಬೇರೆ ಭಾಷೆಯನ್ನು ನೆನಪಿಟ್ಟುಕೊಳ್ಳುವ ಆಯ್ಕೆ ವಿಂಡೋಸ್‌ನ ಕೀಬೋರ್ಡ್ ಸೆಟ್ಟಿಂಗ್‌ನಲ್ಲೇ ಇದೆಯಲ್ಲ ಎಂದು ಯಾರಾದರೂ ಕೇಳಬಹುದು. ಇದೆ, ಪತ್ರ ಬರೆಯುವವರಿಗೆ ಅದು ಸಾಕು. ಹೆಸರೂ ಹಣೆಯೂ ಒಂದೇ ಕಿಟಕಿಯಲ್ಲಿರುವ ನಮ್ಮಂಥವರಿಗೆ ಸಾಲದು.

ಹಣ ಕೊಟ್ಟು ತಂತ್ರಾಂಶ ಕೊಳ್ಳಲಾಗದವರಿಗೆ ಜಿಂಪ್‌ನಲ್ಲಿ ಇನ್ನೂ ನೇರವಾದ ದಾರಿಯಿದೆ. 1995ರಲ್ಲಿ ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳು ಆರಂಭಿಸಿದ ಈ ತಂತ್ರಾಂಶದೊಳಗೇ ಸ್ಕ್ರಿಪ್ಟ್-ಫೂ ಎಂಬ ಭಾಷೆಯಿದ್ದು, ಬ್ರಷ್‌ನ ಗಾತ್ರ ಇಷ್ಟಾಗಲಿ, ಗಡಸುತನ ಇಷ್ಟಾಗಲಿ, ಒಪಾಸಿಟಿ ಇಷ್ಟಾಗಲಿ ಎನ್ನಲು ಒಂದೊಂದು ಆದೇಶವನ್ನು ಅದು ಇಟ್ಟುಕೊಂಡಿದೆ. ಮೂರು ಆದೇಶಗಳನ್ನು ಒಟ್ಟು ಸೇರಿಸಿ ಒಂದು ಹೆಸರು ಕೊಟ್ಟು ಸ್ಕ್ರಿಪ್ಟುಗಳ ಫೋಲ್ಡರಿಗೆ ಹಾಕಿದರೆ ಅದು ಮೆನುವಿನಲ್ಲಿ ಕಾಣಿಸಿಕೊಳ್ಳುತ್ತದೆ. ಎಡಿಟ್ ಮೆನುವಿನ ಕೀಬೋರ್ಡ್ ಶಾರ್ಟ್‌ಕಟ್ ಪಟ್ಟಿಯಲ್ಲಿ ಅದಕ್ಕೆ ಬೇಕಾದ ಕೀಲಿ ಜೋಡಿಸಬಹುದು. ಹೀಗೆ ರೆಪ್ಪೆ, ಕೆನ್ನೆ, ಪರದೆ ಎಂದು ಮೂರು ಸ್ಕ್ರಿಪ್ಟುಗಳನ್ನು ನಾನು ಮಾಡಿಕೊಂಡಿದ್ದೇನೆ. ಒಂದು ಕೀಲಿ ಒತ್ತಿದರೆ ಮೂರು ಗುಣಗಳೂ ಒಟ್ಟಿಗೆ ಬದಲಾಗುತ್ತವೆ; ಸೋದರಮಾವನ ಬೆರಳ ಸಂದಿಯ ಮೂರು ಕುಂಚಗಳು ಇವೇ ಎಂದು ನನಗನಿಸಿದ್ದುಂಟು. ಹೊಸಬರಿಗೆ ಒಂದು ಎಚ್ಚರಿಕೆ: ಜಿಂಪ್‌ನ ಆ ಆದೇಶಗಳಲ್ಲಿ ಗಡಸುತನದ ಅಳತೆ ಸೊನ್ನೆಯಿಂದ ಒಂದರವರೆಗೆ, ಒಪಾಸಿಟಿಯದು ಸೊನ್ನೆಯಿಂದ ನೂರರವರೆಗೆ. ಎರಡಕ್ಕೂ 1 ಎಂದು ಬರೆದ ನನ್ನ ಮೊದಲ ಬ್ರಷ್ ಎಷ್ಟು ಉಜ್ಜಿದರೂ ಬಣ್ಣ ಬಿಡಲಿಲ್ಲ. ಒಂದು ಶೇಕಡಾ ಬಣ್ಣ ಯಾರ ಕಣ್ಣಿಗೆ ಕಾಣುತ್ತದೆ? ಕ್ರಿಟಾದಲ್ಲಿ ಈ ಶ್ರಮವೂ ಇಲ್ಲ. ಹತ್ತು ಬ್ರಷ್‌ಗಳನ್ನು ಆರಿಸಿ ಕಂಟ್ರೋಲ್, ಆಲ್ಟ್ ಮತ್ತು ಅಂಕಿಗಳ ಕೀಲಿಗೆ ಕಟ್ಟಿಡುವ ಪ್ಲಗಿನ್ (ಜೋಡಣೆಯ ಪುಟ್ಟ ತಂತ್ರಾಂಶ) ಅದರ ಜೊತೆಗೇ ಬರುತ್ತದೆ, ಹೆಸರೂ ‘ಟೆನ್ ಬ್ರಷಸ್’ ಎಂದೇ. ಫೋಟೊಶಾಪ್‌ನಲ್ಲಿ ಒಂದು ನಿರ್ದಿಷ್ಟ ಬ್ರಷ್‌ಗೆ ನೇರವಾಗಿ ಕೀಲಿ ಕಟ್ಟಲು ಬಾರದಿದ್ದರೂ, ಆ ಬ್ರಷ್ಷನ್ನು ಅದರ ಗುಣಗಳೊಂದಿಗೆ ಟೂಲ್ ಪ್ರೀಸೆಟ್ ಆಗಿ ಉಳಿಸಿ, ಅದನ್ನು ಆರಿಸುವ ಕ್ರಿಯೆಯನ್ನು ಆ್ಯಕ್ಷನ್ (ಮತ್ತೆ ಮತ್ತೆ ಓಡಿಸಬಹುದಾದ ದಾಖಲೆ) ಆಗಿ ರೆಕಾರ್ಡ್ ಮಾಡಿ, ಆ ಆ್ಯಕ್ಷನ್‌ಗೆ ಫಂಕ್ಷನ್ ಕೀಲಿಯೊಂದನ್ನು ಕೊಡುವ ಸುತ್ತುದಾರಿ ಇದೆ.

ಈಗ ಎಲ್ಲವನ್ನೂ ಕೃತಕ ಬುದ್ಧಿಮತ್ತೆಯೇ ಮಾಡುವಾಗ ಬ್ರಷ್‌ನ ಮಾತೇಕೆ ಎಂಬ ಪ್ರಶ್ನೆಯನ್ನು ನನಗೆ ಹಲವರು ಕೇಳಿದ್ದಾರೆ. ನಾನೂ ಅಂಥ ಸಾಧನಗಳನ್ನು ಬಳಸುತ್ತೇನೆ, ಬಿರುಕು ಮುಚ್ಚಲು ಅವು ಚುರುಕು. ಆದರೆ ಗಿರಾಕಿಯೊಬ್ಬರು ತಂದ ಅವರ ಅಜ್ಜಿಯ ಪಟದಲ್ಲಿ ಅಂಥದ್ದೊಂದು ಸಾಧನ ಬಿರುಕುಗಳ ಜೊತೆಗೆ ಮೂಗುತಿಯನ್ನೂ ಕಲೆಯೆಂದು ತಿಳಿದು ಅಳಿಸಿಹಾಕಿತು. ಮೂಗುತಿಯಿಲ್ಲದ ಅಜ್ಜಿಯನ್ನು ಮೊಮ್ಮಗ ಒಪ್ಪಿಕೊಳ್ಳುತ್ತಾನೆಯೇ? ಕೆಳಗೆ ಉಳಿಸಿದ್ದ ಮೂಲ ಚಿತ್ರದ ಪದರದಿಂದ (ಲೇಯರ್) ಅದನ್ನು, ಮೇಲಿನ ಪದರವನ್ನು ಅಲ್ಲಷ್ಟೇ ಮರೆಮಾಡುವ ಮಾಸ್ಕ್ ಮೂಲಕ ಮರಳಿ ತರಲು ನಾಲ್ಕು ಪಿಕ್ಸೆಲ್‌ನ ಬ್ರಷ್ಷೇ ಬೇಕಾಯಿತು.

ಸ್ಕ್ರಿಪ್ಟಿನ ಅಪಾಯವನ್ನೂ ಮುಚ್ಚಿಡಬಾರದು. ಕೀಲಿಗಳನ್ನು ಹಿಡಿಯಬಲ್ಲ ಕಡತ ನಮ್ಮ ಪಾಸ್‌ವರ್ಡನ್ನೂ ಹಿಡಿಯಬಲ್ಲದು. ಆದ್ದರಿಂದ ಅಪರಿಚಿತರು ಕೊಟ್ಟದ್ದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಓದದೆ ಓಡಿಸಬಾರದು. ಓದಲು ಬಾರದಂತೆ ಇಎಕ್ಸ್‌ಇ (ನೇರವಾಗಿ ಓಡುವ ಪ್ರೋಗ್ರಾಂ ಕಡತ) ಮಾಡಿ ಕೊಟ್ಟರೆ ತೆಗೆದುಕೊಳ್ಳಲೇಬಾರದು.

ತಮ್ಮ ಪತ್ರಿಕೆಯ ಮೂಲಕ ನಾನು ಕೋರುವುದು ಇಷ್ಟು. ಫೋಟೊ ಎಡಿಟಿಂಗ್ ಕಲಿಸುವ ಕೇಂದ್ರಗಳು, ಅವು ಸರ್ಕಾರದವಾಗಿರಲಿ ಖಾಸಗಿಯವಾಗಿರಲಿ, ಪಠ್ಯದಲ್ಲಿ ಎರಡು ದಿನವನ್ನು ಎಡಗೈಗೆಂದು ಮೀಸಲಿಡಲಿ: ಒಂದು ದಿನ ಇರುವ ಕೀಲಿಗಳಿಗೆ, ಒಂದು ದಿನ ನಮ್ಮದೇ ಕೀಲಿಗಳನ್ನು ಕಟ್ಟಿಕೊಳ್ಳುವುದಕ್ಕೆ. ಕನ್ನಡ ಟೈಪಿಂಗ್ ತಂತ್ರಾಂಶ ರೂಪಿಸುವವರು, ಅಕ್ಷರ ಬರೆಯುವ ಜಾಗದಲ್ಲಿ ಮಾತ್ರ ಕನ್ನಡ ಮೂಡಿ ಉಳಿದೆಡೆ ಕೀಲಿಗಳು ತಂತ್ರಾಂಶಕ್ಕೆ ನೇರವಾಗಿ ತಲುಪುವ ಸೌಲಭ್ಯವನ್ನು ಯೋಚಿಸಲಿ. ಭಾಷೆ ಬದಲಿಸುವ ಕೀಲಿಯನ್ನು ಬಳಸುವವರೇ ಆರಿಸಿಕೊಳ್ಳುವಂತಿರಲಿ. ಒಂದು ತಂತ್ರಾಂಶ ಕನ್ನಡಕ್ಕೆಂದು ಎಫ್12 ಇಟ್ಟುಕೊಂಡರೆ, ಫೋಟೊಶಾಪ್‌ನಲ್ಲಿ ಅದೇ ಎಫ್12 ಚಿತ್ರವನ್ನು ಹಿಂದೆ ಉಳಿಸಿದ ಸ್ಥಿತಿಗೆ ಒಯ್ಯುತ್ತದೆ. ಹಾಗಾದಾಗ ಎದೆ ಧಸಕ್ಕೆನ್ನುವುದನ್ನು ಅನುಭವಿಸಿದವರೇ ಬಲ್ಲರು, ಕಂಟ್ರೋಲ್ ಮತ್ತು ಜ಼ೆಡ್ ಒತ್ತಿದರೆ ಕೆಲಸ ಮರಳಿ ಬರುತ್ತದೆಂಬುದು ಆ ಗಳಿಗೆಯಲ್ಲಿ ನೆನಪಾಗುವುದಿಲ್ಲ. ತಮ್ಮ ತಂತ್ರಜ್ಞಾನ ಪುರವಣಿಯಲ್ಲಿ ಹೊಸ ಮೊಬೈಲುಗಳ ಪರಿಚಯದ ನಡುವೆ ಆಗೊಮ್ಮೆ ಈಗೊಮ್ಮೆ ಅರ್ಧ ಕಾಲಂ ಜಾಗವನ್ನು ಇಂಥ ಕೈಗೆಲಸದ ಸಂಗತಿಗಳಿಗೆ ಕೊಟ್ಟರೆ, ಇಂಗ್ಲಿಷ್ ಸಹಾಯಪುಟಗಳ ಮುಂದೆ ಸುಮ್ಮನೆ ಕೂರುವ ತಾಲ್ಲೂಕುಗಳ ಹುಡುಗರು ಅದನ್ನು ಕತ್ತರಿಸಿ ಮಾನಿಟರಿನ ಪಕ್ಕ ಅಂಟಿಸಿಕೊಳ್ಳುತ್ತಾರೆ.

ಮೇಲೆ ಹೇಳಿದ ಹುಡುಗಿ ಈಗಲೂ ನಮ್ಮಲ್ಲೇ ಇದ್ದಾಳೆ. ಅವಳಿಗೆ ನನ್ನ ಕಡತ ಮೊದಲು ಕೆಲಸಕ್ಕೆ ಬರಲಿಲ್ಲ, ಏಕೆಂದರೆ ಅವಳು ಎಡಚಿ. ತರಬೇತಿಯಲ್ಲಿ ಬಲಗೈಯಲ್ಲೇ ಮೌಸ್ ಹಿಡಿಸಿದ್ದರಂತೆ. ಪೆನ್ ಟ್ಯಾಬ್ಲೆಟ್ ಕೊಟ್ಟ ದಿನ ಪೆನ್ನು ತಾನಾಗಿ ಎಡಗೈಗೆ ಹೋಯಿತು. ಕಳೆದ ತಿಂಗಳು ಅವಳು ಆ ಕಡತದ ಪ್ರತಿಯೊಂದನ್ನು ಮಾಡಿಕೊಂಡು, ಜಾಗದ ಸಂಖ್ಯೆಗಳನ್ನು ತಾನೇ ಬದಲಿಸಿ, ಬ್ರಷ್‌ನ ಕೀಲಿಗಳನ್ನೆಲ್ಲ ಬಲಗಡೆಯ ಅಂಕಿಗಳ ಮಣೆಗೆ ಸಾಗಿಸಿಕೊಂಡಿದ್ದಾಳೆ. ಪ್ರತಿ ಸಾಲಿನ ಮುಂದೆ ಅದು ಏನು ಮಾಡುತ್ತದೆಂದು ಕನ್ನಡದಲ್ಲೇ ಟಿಪ್ಪಣಿ ಬರೆದಿದ್ದಾಳೆ, ನನ್ನ ಕಡತದಲ್ಲಿ ಅದೂ ಇರಲಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಸ್ಟುಡಿಯೊ ಮಾಲೀಕರೊಬ್ಬರು,
ತಿಪಟೂರು